ಧೂಳುಗಾಳಿ ಎಷ್ಟು ಜೋರಾಗಿತ್ತು? ಹವಾಮಾನದ ಅಂಕಿಗಳಿಂದ ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಇದ್ದುಕೊಂಡು ಹವಾಮಾನದ ಅಂಕಿ ನೋಡುವುದು ನನ್ನ ಹವ್ಯಾಸ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಅಂತ ಬರುತ್ತಾರೆ. ಗಲ್ಫಿನಲ್ಲಿ ಕೆಲಸ ಮಾಡುವ ನೆಂಟರು ಫೋನ್ ಮಾಡಿ ಅಲ್ಲಿನ ಮರಳುಗಾಳಿಯ ಕತೆ ಹೇಳುತ್ತಾರೆ. ಶಿಕಾರಿಪುರದ ಕಡೆಯ ರೈತರು ಬೇಸಿಗೆ ಮಳೆಗೆ ಮುಂಚೆ ಏಳುವ ಧೂಳಿನ ಬಗ್ಗೆ ಕೇಳುತ್ತಾರೆ. ಎಲ್ಲರ ಪ್ರಶ್ನೆಯ ತಿರುಳು ಒಂದೇ: ಈ ಗಾಳಿ ಎಷ್ಟು ಜೋರು ಅಂತ ಹೇಳುವುದು ಹೇಗೆ? ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮಲೆನಾಡಿನವರಿಗೆ ಧೂಳುಗಾಳಿಯ ಲೆಕ್ಕ ಯಾಕೆ ಬೇಕು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿ ನಿಂತು ಧೂಳಿನ ಮಾತಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಸರಿ. ಆದರೆ ಜಿಲ್ಲೆ ಪೂರ್ತಿ ಆಗುಂಬೆ ಅಲ್ವಲ್ಲ. ತೀರ್ಥಹಳ್ಳಿ, ಹೊಸನಗರ ಬಿಟ್ಟು ಪೂರ್ವಕ್ಕೆ ಬಂದರೆ ಕಾಡು ತೆಳುವಾಗುತ್ತಾ ಹೋಗುತ್ತದೆ. ಶಿಕಾರಿಪುರ, ಭದ್ರಾವತಿ ಕಡೆ ಮಾರ್ಚ್‌ನಿಂದ ಮೇ ತನಕ ಎಷ್ಟೋ ಹೊಲಗಳು ಬರಿದಾಗಿ ಒಣಗಿರುತ್ತವೆ. ಅದರಾಚೆ ದಾವಣಗೆರೆ, ಚಿತ್ರದುರ್ಗದ ಬಯಲು. ಭರಣಿ ಮಳೆ ಹೊತ್ತಿನಲ್ಲಿ ಮಧ್ಯಾಹ್ನ ಮೋಡ ಕಟ್ಟಿ, ಮೊದಲ ಹನಿ ಬೀಳುವ ಮುಂಚೆ ಕೆಂಪು ಧೂಳು ಎದ್ದು ಬರುವುದನ್ನು ಆ ಕಡೆಯವರು ಕಂಡೇ ಇರುತ್ತಾರೆ.

ಮರುಭೂಮಿ ಇದ್ದರೆ ಮಾತ್ರ ಧೂಳುಗಾಳಿ ಅನ್ನುವುದು ತಪ್ಪು ಗ್ರಹಿಕೆ. 2024ರ ಮೇ 13ರಂದು ಮುಂಬೈಯಲ್ಲಿ ಏನಾಯಿತು ನೆನಪಿದೆಯಾ? ಕಡಲ ಪಕ್ಕದ ಊರು, ಮಳೆಗಾಲದಲ್ಲಿ ಮುಳುಗುವ ಊರು. ಅವತ್ತು ಗುಡುಗು ಮೋಡದಿಂದ ಇಳಿದ ಗಾಳಿ ಧೂಳೆಬ್ಬಿಸಿ ಸಂಜೆಯನ್ನೇ ಕತ್ತಲು ಮಾಡಿತು. ಘಾಟ್ಕೋಪರಿನಲ್ಲಿ ದೊಡ್ಡ ಜಾಹೀರಾತು ಫಲಕ ಬಿದ್ದು 17 ಜನ ಸತ್ತರು. ಒಣ ಮಣ್ಣು, ಅದರ ಮೇಲೆ ಜೋರು ಗಾಳಿ, ಈ ಎರಡು ಒಟ್ಟಿಗೆ ಸಿಕ್ಕಿದರೆ ಸಾಕು.

ಧೂಳು ಎದ್ದದ್ದಕ್ಕೂ ಧೂಳುಗಾಳಿಗೂ ಗೆರೆ ಎಲ್ಲಿ?

ಗೋಚರತೆಯಲ್ಲಿ. ಅಂದರೆ ಎಷ್ಟು ದೂರದ ತನಕ ಕಣ್ಣಿಗೆ ಕಾಣುತ್ತದೆ ಅನ್ನುವುದರಲ್ಲಿ. ಹವಾಮಾನ ಕೇಂದ್ರಗಳು ಪ್ರಪಂಚದ ಎಲ್ಲ ಕಡೆ ಸಾಮಾನ್ಯವಾಗಿ ಒಪ್ಪಿಕೊಂಡ ಗೆರೆ 1000 ಮೀಟರ್. ಗಾಳಿ ಎಬ್ಬಿಸಿದ ಧೂಳಿನಿಂದ ಗೋಚರತೆ ಒಂದು ಕಿಲೋಮೀಟರಿಗಿಂತ ಕೆಳಗೆ ಇಳಿದರೆ ಅದು ಧೂಳುಗಾಳಿ. ಒಂದರಿಂದ ಹತ್ತು ಕಿಲೋಮೀಟರ್ ನಡುವೆ ಇದ್ದರೆ ಬರೀ ಧೂಳು ಹಾರುತ್ತಿದೆ ಅಂತ ಬರೆದುಕೊಳ್ಳುತ್ತಾರೆ. ಎಲ್ಲಿಂದಲೋ ಬಂದ ಧೂಳು ಗಾಳಿಯಿಲ್ಲದೆ ಸುಮ್ನೆ ತೇಲುತ್ತಾ ಆಕಾಶ ಮಂಕಾಗಿದ್ದರೆ ಅದು ಮೂರನೆಯ ಬಗೆ.

ಹೊಲದಲ್ಲಿ ಬಿಸಿಲಿಗೆ ಏಳುವ ಸುಂಟರಗಾಳಿ ಇದರಲ್ಲಿ ಸೇರುವುದಿಲ್ಲ. ಅದು ಕೆಲವು ಮೀಟರ್ ಅಗಲದ್ದು, ಸ್ವಲ್ಪ ಹೊತ್ತಿನಲ್ಲಿ ಕರಗುತ್ತದೆ. ಅದಕ್ಕೆ ಬೇರೆಯೇ ಸಂಕೇತ ಇದೆ.

ತೀವ್ರತೆಗೆ ನಮ್ಮ ದೇಶದ ಅಳತೆ ಯಾವುದು?

ಭಾರತ ಹವಾಮಾನ ಇಲಾಖೆ ಗೋಚರತೆಯನ್ನೂ ಗಾಳಿಯನ್ನೂ ಜೊತೆಗಿಟ್ಟು ಮೂರು ದರ್ಜೆ ಮಾಡಿದೆ. ಗೋಚರತೆ 500ರಿಂದ 1000 ಮೀಟರ್, ಗಾಳಿ ಗಂಟೆಗೆ 41 ಕಿಲೋಮೀಟರ್ ತನಕ ಇದ್ದರೆ ಸಾಧಾರಣ. 200ರಿಂದ 500 ಮೀಟರ್ ಗೋಚರತೆ, 80ರ ಒಳಗಿನ ಗಾಳಿ ಇದ್ದರೆ ಮಧ್ಯಮ. ಗೋಚರತೆ 200 ಮೀಟರಿಗಿಂತ ಕಡಿಮೆಯಾಗಿ, ಗಾಳಿಯ ಹೊಡೆತ ಗಂಟೆಗೆ 80 ಕಿಲೋಮೀಟರ್ ಮುಟ್ಟಿದರೆ ತೀವ್ರ.

ಚೀನಾದಲ್ಲಿ ಗೋಚರತೆಗೇ ಜಾಸ್ತಿ ತೂಕ. 1000 ಮೀಟರಿನ ಕೆಳಗೆ ಮರಳುಗಾಳಿ, 500ರ ಕೆಳಗೆ ಜೋರು, 50ರ ಕೆಳಗೆ ಅತಿ ಜೋರು. ಹಾಗಾಗಿ ಇಂಟರ್ನೆಟ್‌ನಲ್ಲಿ ಸಿಕ್ಕ ಎರಡು ದೇಶಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು 'ಅಲ್ಲಿ ತೀವ್ರ, ಇಲ್ಲಿ ಮಧ್ಯಮ' ಅಂತ ಹೋಲಿಸುವ ಮುಂಚೆ ಯಾವ ಗೆರೆಯಿಂದ ಅಳೆದಿದ್ದಾರೆ ಅಂತ ನೋಡಿಕೊಳ್ಳಿ.

ಗೋಚರತೆ ಒಂದೇ ಸಾಕಲ್ವಾ? 200 ಮೀಟರ್ ಅಂದರೆ 200 ಮೀಟರ್ ತಾನೇ?

ಸಾಲದು. ಈ ಪುಟದಲ್ಲಿ ಬೇರೆ ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಮಲೆನಾಡಿನಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಜುಲೈಯಲ್ಲಿ ಆಗುಂಬೆ ಘಾಟಿಯಲ್ಲಿ ಬಸ್ಸಿನವರು ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡು ಇಳಿಯುತ್ತಾರೆ. ಮುಂದಿನ ತಿರುವು ಕಾಣುವುದಿಲ್ಲ. ಅಂಥ ಕಡೆ ಗೋಚರತೆಯ ಅಂಕಿ ಮಾತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ರಾಜಸ್ಥಾನಕ್ಕಿಂತ ಜಾಸ್ತಿ ಧೂಳುಗಾಳಿ ಆಗುಂಬೆಯಲ್ಲೇ ಬಂದಿದೆ ಅಂತ ಅದು ಹೇಳೀತು. ಮಂಜು, ಜಡಿಮಳೆ, ಹೊಗೆ, ಧೂಳು ನಾಲ್ಕೂ ಕಣ್ಣಿಗೆ ಅಡ್ಡ ಬರುತ್ತವೆ. ಯಾವುದು ಅಡ್ಡ ಬಂತು ಅಂತ ಗೋಚರತೆಯ ಅಂಕಿ ಹೇಳುವುದಿಲ್ಲ.

ಅದನ್ನು ಹೇಳುವುದು ಪಕ್ಕದ ಕಾಲಂಗಳು. ಮೊದಲು ತೇವಾಂಶ ನೋಡಿ. ಮಂಜು ಇದ್ದರೆ ಗಾಳಿಯ ತೇವಾಂಶ ಶೇಕಡಾ 95ರಿಂದ 100ರ ಆಸುಪಾಸು ಇರುತ್ತದೆ. ಧೂಳಿದ್ದಾಗ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗೆ. ಎಷ್ಟೋ ಅಧ್ಯಯನಗಳಲ್ಲಿ ತೇವಾಂಶ ಶೇಕಡಾ 80 ಅಥವಾ 90 ದಾಟಿದ ಗಂಟೆಗಳನ್ನು ಮೊದಲೇ ತೆಗೆದುಬಿಡುತ್ತಾರೆ. ಆಮೇಲೆ ಗಾಳಿ ನೋಡಿ. ಗಾಳಿ ನಿಂತಿದ್ದೂ ಗೋಚರತೆ ಬಿದ್ದಿದ್ದರೆ ಅದು ಚಳಿಗಾಲದ ಬೆಳಗಿನ ಮಂಜೋ, ತರಗೆಲೆ ಸುಟ್ಟ ಹೊಗೆಯೋ ಇರಬೇಕು. ಮೂರನೆಯದು ಮಳೆ. ಮಳೆಮಾಪಕ ತುಂಬುತ್ತಿರುವ ಹೊತ್ತಿನ ಗೋಚರತೆ ಧೂಳಿನ ಲೆಕ್ಕಕ್ಕೆ ಬರುವುದಿಲ್ಲ.

ಗೋಚರತೆ, ಗಾಳಿ, ತೇವಾಂಶ, ಎಷ್ಟು ಹೊತ್ತು ಇತ್ತು ಅನ್ನುವುದು. ಈ ನಾಲ್ಕನ್ನೂ ಒಟ್ಟಿಗೆ ಓದದೆ ಯಾರಾದರೂ ತೀವ್ರತೆಯ ಅಂಕಿ ಕೊಟ್ಟರೆ ನಾನು ನಂಬುವುದಿಲ್ಲ.

ಹಾಗಾದರೆ ಗಾಳಿಯ ವೇಗದಿಂದಲೇ ಲೆಕ್ಕ ಹಾಕಬಹುದಲ್ಲ?

ಅರ್ಧ ದಾರಿ ಹೋಗಬಹುದು. ಧೂಳು ಹೇಗೆ ಏಳುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಾಗುತ್ತದೆ.

ಮೈದಾ ಹಿಟ್ಟಿನಷ್ಟು ನುಣ್ಣನೆಯ ಧೂಳನ್ನು ಗಾಳಿ ನೇರವಾಗಿ ಎತ್ತುವುದು ಕಷ್ಟ. ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲು ಹೊರಡುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಮರಳಿನ ಕಣ. ಅದು ಹಾರಿ ಹೋಗುವುದಿಲ್ಲ, ಕುಪ್ಪಳಿಸುತ್ತದೆ. ಕುಪ್ಪಳಿಸಿ ನೆಲಕ್ಕೆ ಬಡಿದಾಗ ಅಲ್ಲಿನ ಅಂಟು ಬಿಟ್ಟು ನುಣ್ಣನೆಯ ಧೂಳು ಮೇಲೇಳುತ್ತದೆ. ಮರಳು ನೆಲದ ಹತ್ತಿರವೇ ಉಳಿಯುತ್ತದೆ. ಧೂಳು ಮಾತ್ರ ಕಿಲೋಮೀಟರುಗಟ್ಟಲೆ ಎತ್ತರಕ್ಕೆ, ಸಾವಿರಾರು ಕಿಲೋಮೀಟರ್ ದೂರಕ್ಕೆ ಹೋಗುತ್ತದೆ. ಇದನ್ನು ಮೊದಲು ಅಚ್ಚುಕಟ್ಟಾಗಿ ಅಳೆದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಮುಖ್ಯರು. ಬ್ರಿಟಿಷ್ ಸೇನೆಯ ಎಂಜಿನಿಯರ್. 1930ರ ದಶಕದಲ್ಲಿ ಲಿಬಿಯಾ ಕಡೆಯ ಮರುಭೂಮಿ ಸುತ್ತಿ, ಆಮೇಲೆ ಗಾಳಿ ಸುರಂಗದಲ್ಲಿ ಮರಳು ಹಾರಿಸಿ ನೋಡಿದವರು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಒಂದು ಮಿತಿ ದಾಟುವ ತನಕ ಧೂಳೇ ಏಳುವುದಿಲ್ಲ. ಬರಿ ಮರುಭೂಮಿಯಲ್ಲಿ ಹತ್ತು ಮೀಟರ್ ಎತ್ತರದ ಗಾಳಿ ಸೆಕೆಂಡಿಗೆ ಸುಮಾರು 6ರಿಂದ 7 ಮೀಟರ್ ದಾಟಬೇಕು. ಎರಡು, ದಾಟಿದ ಮೇಲೆ ಧೂಳು ಗಾಳಿಯ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ.

ಗಾಳಿಯ ಅಂಕಿ ಮಾತ್ರ ಇದ್ದಾಗ ಸಂಶೋಧಕರು ಬಳಸುವ ಸರಳ ಸೂತ್ರ ಒಂದಿದೆ. ವೇಗದ ಘನ ತೆಗೆದುಕೊಳ್ಳಿ. ಅದನ್ನು 1 + (ಮಿತಿ ÷ ವೇಗ) ಇಂದ ಗುಣಿಸಿ. ಬಂದದ್ದನ್ನು 1 − (ಮಿತಿಯ ವರ್ಗ ÷ ವೇಗದ ವರ್ಗ) ಇಂದ ಗುಣಿಸಿ. ಮಿತಿ ಸೆಕೆಂಡಿಗೆ 7 ಮೀಟರ್ ಅಂತ ಇಟ್ಟುಕೊಂಡರೆ, 8 ಮೀಟರ್ ಗಾಳಿಗೆ ಉತ್ತರ 225, 10ಕ್ಕೆ 867, 14ಕ್ಕೆ 3087. ಗಾಳಿ 8ರಿಂದ 10ಕ್ಕೆ ಏರಿದ್ದು ಕಾಲು ಪಾಲು, ಧೂಳೆಬ್ಬಿಸುವ ಶಕ್ತಿ ಏರಿದ್ದು ಹೆಚ್ಚುಕಮ್ಮಿ ನಾಲ್ಕು ಪಟ್ಟು. ಗಾಳಿಯ ಅಂಕಿಯಲ್ಲಿ ಸಣ್ಣ ತಪ್ಪಾದರೂ ಕೊನೆಯ ಉತ್ತರ ಯಾಕೆ ಅಷ್ಟು ಹಾಳಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ?

ಆದರೆ ಈ ಸೂತ್ರಕ್ಕೆ ನೆಲದ ಸ್ಥಿತಿ ಗೊತ್ತಿಲ್ಲ. ಹದ ಮಳೆ ಬಿದ್ದ ಮರುದಿನ ಅದೇ 14 ಮೀಟರ್ ಗಾಳಿ ಬೀಸಲಿ, ಧೂಳು ಏಳುವುದಿಲ್ಲ. ಹಸಿ ಮಣ್ಣಿನ ಕಣಗಳು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಹುಲ್ಲು, ಗಿಡ, ತೋಟ ಇದ್ದರೆ ಗಾಳಿಯ ಬಲ ನೆಲ ಮುಟ್ಟುವುದೇ ಇಲ್ಲ. ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಮರ ಮುರಿಯುವಂಥ ಗಾಳಿ ಬಂದರೂ ಧೂಳುಗಾಳಿ ಆಗದಿರುವುದು ಇದಕ್ಕೇ.

ಗಂಟೆಯ ಸರಾಸರಿ ಗಾಳಿ ಬಳಸಿದರೆ ಆಗುತ್ತಾ?

ನಮ್ಮ ಕಡೆಯ ಧೂಳಿಗೆ ಆಗುವುದಿಲ್ಲ. ಲೆಕ್ಕ ಮಾಡಿ ನೋಡಿ. ಒಂದು ಗಂಟೆಯಲ್ಲಿ 50 ನಿಮಿಷ ಗಾಳಿ ಸೆಕೆಂಡಿಗೆ 4 ಮೀಟರ್ ಇತ್ತು, 10 ನಿಮಿಷ ಮಾತ್ರ 14 ಮೀಟರ್ ಬೀಸಿತು ಅನ್ನೋಣ. ಸರಾಸರಿ 5.7. ಇದು 7ರ ಮಿತಿಯ ಒಳಗೇ ಇದೆ, ಹಾಗಾಗಿ ಸೂತ್ರದ ಉತ್ತರ ಸೊನ್ನೆ. ನಿಜದಲ್ಲಿ ಆ ಹತ್ತು ನಿಮಿಷದಲ್ಲಿ ಊರೆಲ್ಲ ಕೆಂಪಾಗಿರುತ್ತದೆ.

ಹಾಗಾಗಿ 10 ಅಥವಾ 15 ನಿಮಿಷದ ಅಂಕಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಗಾಳಿಯ ಗರಿಷ್ಠ ಹೊಡೆತದ ಕಾಲಂ ಇದ್ದರೆ ಬಿಡಬೇಡಿ. ಇನ್ನೊಂದು ಮಾತು. ವೇಗ ಯಾವ ಮಾನದಲ್ಲಿದೆ ಅಂತ ಮೊದಲೇ ನೋಡಿ. ವಿಮಾನ ನಿಲ್ದಾಣದ ವರದಿಯಲ್ಲಿ ನಾಟ್ ಇರುತ್ತದೆ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಸೆಕೆಂಡಿಗೆ ಮೀಟರ್ ಇದ್ದರೆ 3.6ರಿಂದ ಗುಣಿಸಿದಾಗ ಗಂಟೆಗೆ ಕಿಲೋಮೀಟರ್ ಸಿಗುತ್ತದೆ.

ನಮ್ಮ ಹೋಬಳಿಯ ಹವಾಮಾನ ಕೇಂದ್ರದಲ್ಲಿ ಗೋಚರತೆಯೇ ಇಲ್ಲ. ಏನು ಮಾಡಲಿ?

ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. ಇಷ್ಟು ದಟ್ಟವಾದ ಜಾಲ ಬೇರೆ ಎಷ್ಟೋ ಕಡೆ ಇಲ್ಲ, ಇದು ನಮ್ಮ ಪುಣ್ಯ. ಹೋಬಳಿ ಕೇಂದ್ರದಲ್ಲಿ ತಾಪಮಾನ, ತೇವಾಂಶ, ಗಾಳಿಯ ವೇಗ, ದಿಕ್ಕು ಸಿಗುತ್ತವೆ. ಗೋಚರತೆ ಸಿಗುವುದಿಲ್ಲ. ಆದರೂ ಧೂಳು ಯಾವಾಗ ಎದ್ದಿರಬೇಕು ಅಂತ ಗುರುತಿಸಬಹುದು.

ಗುಡುಗು ಮೋಡದಿಂದ ಮಳೆ ಬೀಳತೊಡಗಿದಾಗ ಅದರ ಜೊತೆ ತಣ್ಣನೆಯ ಗಾಳಿಯೂ ಕೆಳಗೆ ಬೀಳುತ್ತದೆ. ನೆಲ ಮುಟ್ಟಿ ಎಲ್ಲ ಕಡೆ ಹರಡುತ್ತದೆ. ಮಳೆಗಿಂತ ಮುಂದೆ ಮುಂದೆ ಓಡುತ್ತದೆ. ಈ ಗಾಳಿ ಕೇಂದ್ರದ ಮೇಲೆ ಹಾದು ಹೋದ ಗುರುತು ಅಂಕಿಗಳಲ್ಲಿ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಮಧ್ಯಾಹ್ನದ 36 ಡಿಗ್ರಿ ಒಂದೇ ಸಲ 27ಕ್ಕೆ ಜಾರುತ್ತದೆ. ಅದೇ ಹೊತ್ತಿಗೆ ಗಾಳಿ ದಿಕ್ಕು ಬದಲಿಸುತ್ತದೆ, ವೇಗ ನೆಗೆಯುತ್ತದೆ, ತೇವಾಂಶ ಏರುತ್ತದೆ. ಒತ್ತಡದ ಅಳತೆಯೂ ಇದ್ದರೆ ಅದು ಒಂದೆರಡು ಹೆಕ್ಟೊಪ್ಯಾಸ್ಕಲ್ ಜಿಗಿದಿರುತ್ತದೆ.

ಈಗ ಪಕ್ಕದ ಮಳೆಮಾಪಕದ 15 ನಿಮಿಷದ ಅಂಕಿ ತೆಗೆಯಿರಿ. ಗಾಳಿ ನೆಗೆದ ಹೊತ್ತಿಗೂ ಮೊದಲ ಮಳೆ ದಾಖಲಾದ ಹೊತ್ತಿಗೂ ಇರುವ ಸಂದು ಇದೆಯಲ್ಲ, ಧೂಳು ಎದ್ದಿದ್ದರೆ ಅಲ್ಲೇ ಎದ್ದಿರಬೇಕು. ಮಳೆ ಶುರುವಾದ ಮೇಲೆ ಧೂಳು ಇಳಿದುಬಿಡುತ್ತದೆ. ಆಮೇಲೆ ಹಿಂದಿನ ಹತ್ತು ಹದಿನೈದು ದಿನದ ಮಳೆ ನೋಡಿ. ನೆಲ ಒಣಗಿತ್ತಾ, ಒದ್ದೆಯಿತ್ತಾ? ಅಶ್ವಿನಿಯಲ್ಲಿ ಒಂದೂ ಮಳೆಯಾಗದೆ ಭರಣಿಯ ಮೊದಲ ಗಾಳಿ ಬಂದಿದ್ದರೆ ಧೂಳಿನ ಸಂಭವ ಜಾಸ್ತಿ. ಕೃತ್ತಿಕೆಯ ಹೊತ್ತಿಗೆ ನಾಲ್ಕಾರು ಮಳೆಯಾಗಿದ್ದರೆ ಅದೇ ಗಾಳಿಗೆ ಧೂಳು ಕಡಿಮೆ.

ಇಷ್ಟಾದರೂ ಇದು ಧೂಳಿನ ಸಂಭವದ ಲೆಕ್ಕ, ಧೂಳಿನ ಅಳತೆ ಅಲ್ಲ. ವರದಿಯಲ್ಲಿ ಹಾಗೆಂದೇ ಬರೆಯಿರಿ. ನೋಡಿದವರ ಹೇಳಿಕೆ ಜೊತೆಗೆ ಇದ್ದರೆ ಅದಕ್ಕೆ ಬೆಲೆ ಬರುತ್ತದೆ.

ಹವಾಮಾನ ವರದಿಯ ಸಂಕೇತಗಳಲ್ಲಿ ಧೂಳನ್ನು ಎಲ್ಲಿ ಹುಡುಕಬೇಕು?

ಹವಾಮಾನ ಕೇಂದ್ರಗಳು ಮೂರು ಗಂಟೆಗೊಮ್ಮೆ ಕಳಿಸುವ ವರದಿಯಲ್ಲಿ ಆಗಿನ ಹವೆಗೆ ಎರಡಂಕಿಯ ಸಂಕೇತ ಇರುತ್ತದೆ. 06 ಅಂದರೆ ತೇಲುವ ಧೂಳು. 07 ಅಂದರೆ ಗಾಳಿ ಅಲ್ಲೇ ಎಬ್ಬಿಸಿದ ಧೂಳು. 08 ಸುಂಟರಗಾಳಿ. 09 ಅಂದರೆ ಕಣ್ಣಳತೆಯಲ್ಲಿ ಅಥವಾ ಹಿಂದಿನ ಒಂದು ಗಂಟೆಯಲ್ಲಿ ಧೂಳುಗಾಳಿ ಇತ್ತು ಅಂತ. 30ರಿಂದ 32 ಸಾಧಾರಣ ಮತ್ತು ಮಧ್ಯಮ ಧೂಳುಗಾಳಿ, 33ರಿಂದ 35 ತೀವ್ರ. ಮೂರು ಮೂರು ಅಂಕಿ ಇರುವುದು ಗಾಳಿ ಇಳಿಯುತ್ತಿದೆಯಾ, ಹಾಗೇ ಇದೆಯಾ, ಏರುತ್ತಿದೆಯಾ ಅಂತ ತಿಳಿಸುವುದಕ್ಕೆ. 98 ಅಂದರೆ ಗುಡುಗಿನ ಜೊತೆ ಬಂದ ಧೂಳುಗಾಳಿ. ನಮ್ಮ ಕಡೆಯವರು 98ನ್ನು ಬಿಟ್ಟು ಬರೀ 30ರ ಸಾಲನ್ನು ಹುಡುಕಿದರೆ ಬೇಕಾದದ್ದೇ ಕೈತಪ್ಪುತ್ತದೆ.

ವಿಮಾನ ನಿಲ್ದಾಣದ ವರದಿಯಲ್ಲಿ ಅಂಕಿಯ ಬದಲು ಅಕ್ಷರ. ಡಿಎಸ್ ಧೂಳುಗಾಳಿ, ಎಸ್‌ಎಸ್ ಮರಳುಗಾಳಿ, ಬಿಎಲ್‌ಡಿಯು ಹಾರುವ ಧೂಳು, ಪಿಒ ಸುಂಟರಗಾಳಿ. ಅಲ್ಲಿ ಗೋಚರತೆ 9999 ಅಂತ ಕಂಡರೆ ಹತ್ತು ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಅರ್ಥ, 9999 ಮೀಟರ್ ಅಂತ ಅಲ್ಲ. ಅದನ್ನು ಸೇರಿಸಿ ತಿಂಗಳ ಸರಾಸರಿ ತೆಗೆದರೆ ಆ ಸರಾಸರಿಗೆ ಅರ್ಥವೇ ಇಲ್ಲ. ಅದರ ಬದಲು 1000 ಮೀಟರಿನ ಕೆಳಗೆ ಎಷ್ಟು ಗಂಟೆ ಇತ್ತು ಅಂತ ಎಣಿಸಿ.

ಗೋಚರತೆಯಿಂದ ಗಾಳಿಯಲ್ಲಿದ್ದ ಧೂಳಿನ ತೂಕ ತಿಳಿಯುತ್ತಾ?

ಅಂದಾಜು ಸಿಗುತ್ತದೆ. ಧೂಳು ಜಾಸ್ತಿಯಾದಷ್ಟೂ ಬೆಳಕು ಚದುರಿ ದೂರದ ವಸ್ತು ಮಸುಕಾಗುತ್ತದೆ. ಹಾಗಾಗಿ ಗೋಚರತೆಗೂ ಧೂಳಿಗೂ ತಲೆಕೆಳಗಿನ ಸಂಬಂಧ. ಈಶಾನ್ಯ ಏಷ್ಯಾದ ಅಂಕಿಗಳಿಂದ ಮಾಡಿದ, ಬಹಳ ಬಳಕೆಯಲ್ಲಿರುವ ಒಂದು ಸೂತ್ರದ ಪ್ರಕಾರ ಗೋಚರತೆ ಒಂದು ಕಿಲೋಮೀಟರ್ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಒಟ್ಟು ಸುಮಾರು 3800 ಮೈಕ್ರೋಗ್ರಾಂ ಧೂಳು. 500 ಮೀಟರಿಗೆ ಇಳಿದರೆ ಸುಮಾರು 6800.

ಈ ಸೂತ್ರವನ್ನು ಶಿವಮೊಗ್ಗಕ್ಕೆ ಹಾಗೇ ಹಾಕಬೇಡಿ. ಅದೇ ತೂಕದ ಧೂಳು ನುಣ್ಣಗಿದ್ದರೆ ಕಣ್ಣಿಗೆ ಜಾಸ್ತಿ ಅಡ್ಡ, ದಪ್ಪಗಿದ್ದರೆ ಕಡಿಮೆ. ಗೋಬಿ ಮರುಭೂಮಿಯ ಮಣ್ಣು ಬೇರೆ, ನಮ್ಮ ಕೆಮ್ಮಣ್ಣು ಬೇರೆ. ಗಾಳಿ ಹುಟ್ಟಿದ ಜಾಗದಲ್ಲಿ ದಪ್ಪ ಕಣ ಇರುತ್ತದೆ, ದೂರ ಹೋದಂತೆ ನುಣ್ಣನೆಯದು ಮಾತ್ರ ಉಳಿಯುತ್ತದೆ. ಒಂದೇ ಗಾಳಿಗೆ ಎರಡು ಊರಲ್ಲಿ ಎರಡು ಸೂತ್ರ ಬೇಕಾಗಬಹುದು.

ಗಾಳಿ ಗುಣಮಟ್ಟದ ಕೇಂದ್ರದಲ್ಲಿ ಪಿಎಂ10 ನೇರವಾಗಿ ಸಿಗುತ್ತಲ್ಲ?

ಸಿಗುತ್ತದೆ, ಚೆನ್ನಾಗಿಯೂ ಬಳಸಬಹುದು. ಶಿವಮೊಗ್ಗ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವೂ ಇದೆ. ಪಿಎಂ10 ಅಂದರೆ 10 ಮೈಕ್ರಾನಿಗಿಂತ ಸಣ್ಣ ಕಣಗಳು. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 100 ಮೈಕ್ರೋಗ್ರಾಂ. ಪಿಎಂ2.5ಕ್ಕೆ 60.

ಇವೆರಡರ ಅನುಪಾತ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹೊಗೆಯಾದರೆ ಪಿಎಂ2.5ರ ಪಾಲು ಜಾಸ್ತಿ. ಮಣ್ಣಿನ ಧೂಳಾದರೆ ಪಿಎಂ10 ನೆಗೆಯುತ್ತದೆ, ಪಿಎಂ2.5 ಅದರ ಹಿಂದೆ ಅಷ್ಟಾಗಿ ಏರುವುದಿಲ್ಲ. ಪಕ್ಕದಲ್ಲಿ ರಸ್ತೆ ಅಗೆಯುತ್ತಿದ್ದರೂ ಇದೇ ಗುರುತು ಬರುತ್ತದೆ, ಹಾಗಾಗಿ ಗಾಳಿಯ ಕಾಲಂ ನೋಡದೆ ತೀರ್ಮಾನ ಬೇಡ. ಮತ್ತೆ, ಇಪ್ಪತ್ತು ನಿಮಿಷದ ಧೂಳು 24 ಗಂಟೆಯ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಗಂಟೆಯ ಅಥವಾ 15 ನಿಮಿಷದ ಅಂಕಿಯೇ ಬೇಕು.

ವರ್ಷಪೂರ್ತಿಯ ಧೂಳಿಗೆ ಒಂದೇ ಅಂಕಿ ಕೊಡಲು ಆಗುತ್ತಾ?

ಆಸ್ಟ್ರೇಲಿಯಾದವರು ಇದಕ್ಕೆ ಒಂದು ಸೂಚ್ಯಂಕ ಮಾಡಿದ್ದಾರೆ. ಹವಾಮಾನ ಕೇಂದ್ರದ ಸಂಕೇತಗಳಷ್ಟೇ ಸಾಕು, ಹೊಸ ಉಪಕರಣ ಬೇಡ. ತೀವ್ರ ಧೂಳುಗಾಳಿಯ ಒಂದೊಂದು ದಿನಕ್ಕೆ 5 ಅಂಕ, ಮಧ್ಯಮಕ್ಕೆ 1, ಅಲ್ಲಲ್ಲೇ ಎದ್ದ ಧೂಳಿಗೆ 0.05. ಎಲ್ಲ ಕೂಡಿಸುವುದು. ಉದಾಹರಣೆಗೆ, ಒಂದು ಕೇಂದ್ರದಲ್ಲಿ ವರ್ಷಕ್ಕೆ 2 ತೀವ್ರ, 6 ಮಧ್ಯಮ, 40 ಸ್ಥಳೀಯ ಧೂಳಿನ ದಿನ ಇದ್ದರೆ 10 + 6 + 2, ಒಟ್ಟು 18.

ನನಗೆ ಇದು ಇಷ್ಟ. ಯಾಕೆಂದರೆ 48 ದಿನ ಧೂಳಿತ್ತು ಅಂತ ಬರೀ ಎಣಿಸಿದರೆ 40 ದಿನದ ಸಣ್ಣ ಧೂಳೇ ಲೆಕ್ಕವನ್ನು ನುಂಗಿಬಿಡುತ್ತದೆ. ಮಣ್ಣು ನಿಜವಾಗಿ ಕಳೆದುಹೋಗುವುದು ಆ ಎರಡು ದಿನದಲ್ಲಿ. ಕೊರತೆಯೂ ಇದೆ. ಹದಿನೈದು ನಿಮಿಷದ ತೀವ್ರ ಗಾಳಿಗೂ ಆರು ಗಂಟೆಯ ತೀವ್ರ ಗಾಳಿಗೂ ಇದರಲ್ಲಿ ಅಂಕ ಒಂದೇ. ಹಾಗಾಗಿ ಎಷ್ಟು ಗಂಟೆ ಅನ್ನುವುದನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಡುವುದು ಒಳ್ಳೆಯದು.

ಕುವೈತ್‌ನಲ್ಲಿರುವ ಅಣ್ಣ ಎರಡು ದಿನ ಧೂಳು ನಿಲ್ಲಲಿಲ್ಲ ಅನ್ನುತ್ತಾನೆ. ನಮ್ಮಲ್ಲಿ ಅರ್ಧ ಗಂಟೆಗೆ ಮುಗಿಯುತ್ತದೆ. ಯಾಕೆ?

ಎರಡರ ಹುಟ್ಟೇ ಬೇರೆ. ಗಲ್ಫ್ ಕಡೆ ಬೇಸಿಗೆಯಲ್ಲಿ ವಾಯುವ್ಯದಿಂದ ಶಮಾಲ್ ಎಂಬ ಗಾಳಿ ಬೀಸುತ್ತದೆ. ದೊಡ್ಡ ಪ್ರದೇಶದ ಒತ್ತಡದ ವ್ಯತ್ಯಾಸದಿಂದ ಹುಟ್ಟಿದ್ದು. ಒತ್ತಡ ಹಾಗೇ ಇರುವ ತನಕ ಗಾಳಿಯೂ ನಿಲ್ಲುವುದಿಲ್ಲ. ಇರಾಕಿನ ಬಯಲಿನ ಧೂಳನ್ನು ಹೊತ್ತು ಕುವೈತ್, ಸೌದಿಗೆ ಸುರಿಯುತ್ತದೆ. ನಮ್ಮದು ಒಂದು ಗುಡುಗು ಮೋಡದ ಗಾಳಿ. ಮೋಡದ ಆಯುಸ್ಸು ಮುಗಿದರೆ ಅದೂ ಮುಗಿಯಿತು.

ಉತ್ತರ ಭಾರತದಲ್ಲಿ ಎರಡೂ ಬಗೆ ಉಂಟು. ಅಲ್ಲಿ ಆಂಧಿ ಅನ್ನುವುದು ಹೆಚ್ಚಾಗಿ ಗುಡುಗಿನ ಬಗೆಯದು. 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಬಂದದ್ದು ಅಂಥದೇ, ನೂರಕ್ಕೂ ಜಾಸ್ತಿ ಜನ ಸತ್ತರು. ಗೋಚರತೆಯ ಅಂಕಿ ಒಂದೇ ಇದ್ದರೂ ಒಂದು ಮನೆ ಮುರಿಯುತ್ತದೆ, ಇನ್ನೊಂದು ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಹಾಗಾಗಿ ತೀವ್ರತೆ ಹೇಳುವಾಗ ಬಗೆಯನ್ನೂ ಹೇಳಬೇಕು.

ದೂರದ ಧೂಳು ನಮ್ಮ ಕಡೆಗೂ ಬರುತ್ತದೆ. ಅರೇಬಿಯಾದಿಂದ ಎದ್ದದ್ದು ಅರಬ್ಬಿ ಸಮುದ್ರ ದಾಟಿ ಪಶ್ಚಿಮ ಕರಾವಳಿ ಮುಟ್ಟುವುದುಂಟು. 2022ರ ಜನವರಿ 23ರಂದು ಪಾಕಿಸ್ತಾನದ ಕಡೆಯ ಧೂಳು ಮುಂಬೈಯನ್ನು ಮಂಕು ಮಾಡಿತ್ತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಟನ್ ಧೂಳು ಹೀಗೆ ಗಾಳಿಗೆ ಸೇರುತ್ತದೆ ಅನ್ನುವುದು ವಿಶ್ವ ಹವಾಮಾನ ಸಂಸ್ಥೆಯ ಅಂದಾಜು.

ಉಪಗ್ರಹದ ಚಿತ್ರ ನೋಡಿದರೆ ಸಾಲದಾ?

ದೊಡ್ಡ ಧೂಳಿಗೆ ಬಹಳ ಉಪಯೋಗ. ಧೂಳು ತೋರಿಸಲೆಂದೇ ಬಣ್ಣ ಜೋಡಿಸಿದ ಚಿತ್ರಗಳಲ್ಲಿ ಅದು ಗಾಢ ಗುಲಾಬಿಯಾಗಿ ಕಾಣುತ್ತದೆ. ಆದರೆ ಉಪಗ್ರಹ ನೋಡುವುದು ನೆಲದಿಂದ ಆಕಾಶದ ತನಕದ ಒಟ್ಟು ಧೂಳು. ಮೂರು ಕಿಲೋಮೀಟರ್ ಮೇಲೆ ತೇಲುತ್ತಿದ್ದರೆ ನಿಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಗುಡುಗು ಮೋಡದ ಅಡಿಯಲ್ಲಿ ಎದ್ದ ಧೂಳನ್ನಂತೂ ಮೋಡವೇ ಮುಚ್ಚಿಬಿಡುತ್ತದೆ. ನಮ್ಮ ಬೇಸಿಗೆ ಧೂಳು ಇದೇ ಬಗೆಯದ್ದು.

ಧೂಳುಗಾಳಿ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ ಅಂತ ಹಳೆಯ ಅಂಕಿಗಳಿಂದ ಹೇಳಬಹುದಾ?

ಹೇಳುವ ಮುಂಚೆ ಆ ಅಂಕಿಯನ್ನು ಯಾರು, ಯಾವುದರಿಂದ ಅಳೆದರು ಅಂತ ಕೇಳಿ. ಮೊದಲು ಮನುಷ್ಯರು ಕಣ್ಣಿನಿಂದ ನೋಡಿ ಬರೆಯುತ್ತಿದ್ದರು. ಈಗ ಎಷ್ಟೋ ದೇಶಗಳಲ್ಲಿ ಸ್ವಯಂಚಾಲಿತ ಕೇಂದ್ರಗಳು ಬಂದಿವೆ. ಅವುಗಳ ಸಂಕೇತ ಪಟ್ಟಿಯೇ ಬೇರೆ. ಗೋಚರತೆಯ ಸೆನ್ಸರ್ ಕೆಲವೇ ಅಡಿ ಗಾಳಿಯಲ್ಲಿ ಬೆಳಕು ಎಷ್ಟು ಚದುರಿತು ಅಂತ ನೋಡಿ ಲೆಕ್ಕ ಹಾಕುತ್ತದೆ. ಅದನ್ನು ಸಾಮಾನ್ಯವಾಗಿ ಮಂಜಿಗೆ ಹೊಂದಿಸಿರುತ್ತಾರೆ. ಕೆಂಪು ಧೂಳು ದೂರದಿಂದ ಬರುತ್ತಿರುವುದನ್ನು ಕೇಂದ್ರದ ಸಿಬ್ಬಂದಿ ಕಂಡು ಬರೆಯುತ್ತಿದ್ದರು, ಯಂತ್ರಕ್ಕೆ ಅದು ಆಗದು. ಅಳೆಯುವ ಕ್ರಮ ಬದಲಾದ ವರ್ಷದಲ್ಲಿ ಗ್ರಾಫ್ ಏರಿದ್ದೋ ಇಳಿದದ್ದೋ ಕಂಡರೆ ಅದನ್ನು ಹವೆಯ ಬದಲಾವಣೆ ಅಂತ ಬರೆಯುವುದು ಅನ್ಯಾಯ. ಇನ್ನೂ ಒಂದು: ಮೂರು ಗಂಟೆಗೊಮ್ಮೆ ಮಾತ್ರ ಬರೆಯುವ ಕಡೆ ನಡುವೆ ಬಂದು ಹೋದ ಗಾಳಿ ದಾಖಲಾಗದೇ ಇರಬಹುದು.

ಮನೆಯಿಂದಲೇ ಗೋಚರತೆ ಅಳೆಯಬಹುದಾ?

ಖಂಡಿತ. ದಯವಿಟ್ಟು ಮಾಡಿ, ಬಹಳ ಕಡೆ ಬೇರೆ ಅಂಕಿಯೇ ಇಲ್ಲ. ತಾರಸಿ ಮೇಲೆ ನಿಂತು ನಾಲ್ಕೂ ದಿಕ್ಕಿನಲ್ಲಿ ಗುರುತು ಆರಿಸಿಕೊಳ್ಳಿ. ಪಕ್ಕದ ಬೀದಿಯ ತೆಂಗಿನ ಮರ, ನೀರಿನ ಟ್ಯಾಂಕ್, ಮೊಬೈಲ್ ಟವರ್, ದೂರದ ಗುಡ್ಡ. ಮೊಬೈಲಿನ ಮ್ಯಾಪಿನಲ್ಲಿ ದೂರ ಅಳೆದು ಪಟ್ಟಿ ಬರೆದಿಡಿ. 200, 500, 1000 ಮೀಟರಿನ ಹತ್ತಿರಕ್ಕೆ ಒಂದೊಂದಾದರೂ ಗುರುತು ಇರಲಿ, ದರ್ಜೆ ಬದಲಾಗುವುದು ಅಲ್ಲೇ. ಗುರುತು ಕಪ್ಪಗಿರಬೇಕು, ಹಿಂದೆ ಆಕಾಶ ಇರಬೇಕು. ಬಿಳಿ ಗೋಡೆ ಧೂಳಿನಲ್ಲಿ ಬೇಗ ಕರಗಿ ಹೋಗಿ ಅಳತೆ ತಪ್ಪುತ್ತದೆ.

ಗಾಳಿ ಬಂದಾಗ ಯಾವ ಗುರುತು ಕಂಡಿತು, ಯಾವುದು ಮರೆಯಾಯಿತು, ಎಷ್ಟು ಹೊತ್ತಿಗೆ ಅಂತ ಬರೆಯಿರಿ. ಯಾವ ದಿಕ್ಕಿನಿಂದ ಬಂತು, ಮೊದಲ ಹನಿ ಎಷ್ಟು ಹೊತ್ತಿಗೆ ಬಿತ್ತು, ಅದನ್ನೂ ಬರೆಯಿರಿ. ಹೋಬಳಿ ಕೇಂದ್ರದ ಗಾಳಿಯ ಅಂಕಿಯ ಪಕ್ಕ ಇದನ್ನು ಇಟ್ಟರೆ ನಿಮ್ಮ ಊರಿನ ಕೆಮ್ಮಣ್ಣಿಗೆ ಗಾಳಿಯ ಮಿತಿ ಎಷ್ಟು ಅಂತ ನಿಧಾನಕ್ಕೆ ಗೊತ್ತಾಗುತ್ತದೆ. ಆ ಅಂಕಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಗೋಚರತೆ 200 ಮೀಟರ್ ಇದ್ದರೆ ಗಾಡಿ ಓಡಿಸಬಹುದಾ?

ಶಿವಮೊಗ್ಗದಿಂದ ಚಿತ್ರದುರ್ಗಕ್ಕೆ ಹೋಗಿ ಬರುವವರು ಇದನ್ನು ಕೇಳುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 200 ಮೀಟರ್ ದಾಟಲು ಒಂಬತ್ತು ಸೆಕೆಂಡ್ ಸಾಕು. ಧೂಳಿನಲ್ಲಿ ಆ 200 ಮೀಟರ್ ಕಣ್ಣು ಮಿಟುಕಿಸುವುದರಲ್ಲಿ 50 ಆಗಬಹುದು. ಧೂಳು ಎದುರಿಗೆ ಬರುತ್ತಿರುವುದು ಕಂಡರೆ ಅದರೊಳಗೆ ನುಗ್ಗಬೇಡಿ. ರಸ್ತೆಯಿಂದ ಪೂರ್ತಿ ಹೊರಗೆ, ಮರ ಮತ್ತು ಕರೆಂಟ್ ಕಂಬದಿಂದ ದೂರ ಗಾಡಿ ನಿಲ್ಲಿಸಿ. ನಿಲ್ಲಿಸಿದ ಮೇಲೆ ದೀಪ ಆರಿಸಿ, ಬ್ರೇಕಿನ ಮೇಲಿಂದ ಕಾಲು ತೆಗೆಯಿರಿ. ಕೆಂಪು ದೀಪ ಉರಿಯುತ್ತಿದ್ದರೆ ಹಿಂದೆ ಬರುವವರು ಅದೇ ರಸ್ತೆ ಅಂದುಕೊಂಡು ನಿಮ್ಮ ಗಾಡಿಗೇ ಬಂದು ಗುದ್ದುತ್ತಾರೆ. ಮಳೆ ಬಿದ್ದು ಧೂಳು ಇಳಿಯುವ ತನಕ ಅಲ್ಲೇ ಇರಿ.